ಮುಚ್ಚಳದಮ್ಮನ ದೊಡ್ಡ ಪಾತ್ರೆ

ಮುಚ್ಚಳದಮ್ಮನ ಮನೆ ಎಲ್ಲಿ ಎಂದರೆ ಸುತ್ತಲಿನ ಹತ್ತು ಬೀದಿಗಳಲ್ಲಿ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ದಪ್ಪ ತಳದ ಸ್ಟೀಲ್ ಪಾತ್ರೆಗಳನ್ನು ಯಾರದ್ದಾದರೂ ಮನೆಗೆ ಹೊತ್ತೊಯ್ದು, ಅಲ್ಲಿ ಎಂಟು ಹತ್ತು ಜನ ನೆರೆಯವರನ್ನು ಕೂರಿಸಿ, ಅವರ ಕಣ್ಣೆದುರೇ ಅಡುಗೆ ಮಾಡಿ ತೋರಿಸಿ ಮಾರುವುದು ಅವಳ ಕೆಲಸ. ಮಾತು ಶುರು ಮಾಡುವ ಮುಂಚೆ ಸೌಟಿನಿಂದ ಮುಚ್ಚಳಕ್ಕೆ ಠಣ್ ಎಂದು ಒಂದೇಟು ಕೊಡುತ್ತಾಳೆ. ಆ ಏಟಿನಿಂದಲೇ ಅವಳಿಗೆ ಆ ಹೆಸರು ಬಂದದ್ದು.

ಆ ಭಾನುವಾರ ಮೂರನೇ ಮಹಡಿಯ ದರ್ಜಿಯ ಮನೆಗೆ ಹತ್ತಿ ನಿಂತಾಗ ಮಾತ್ರ ಅವಳ ಎದೆ ಧಸಕ್ಕೆಂದಿತು. ಬಾಗಿಲಲ್ಲಿ ಜನ, ಮೆಟ್ಟಿಲಲ್ಲಿ ಜನ, ಕಿಟಕಿಯ ಕಟ್ಟೆಯ ಮೇಲೂ ಇಬ್ಬರು. ಒಳಗೆ ಹೊಲಿಗೆ ಯಂತ್ರವನ್ನು ಗೋಡೆಗೆ ಒತ್ತಿಟ್ಟು, ಅದರ ಮೇಲೂ ಒಬ್ಬ ದಪ್ಪ ಗೃಹಸ್ಥರು ವಿರಾಜಮಾನರಾಗಿದ್ದರು.

ಇದೆಲ್ಲ ಅವಳದೇ ಎಡವಟ್ಟು. ಈ ವ್ಯಾಪಾರದಲ್ಲಿ ಜನ ಸೇರಿಸಲು ಒಂದು ಆಮಿಷ ಇಟ್ಟೇ ಇಡುತ್ತಾರೆ. "ಜೊತೆಗೆ ಇಬ್ಬರನ್ನ ಕರ್ಕೊಂಡು ಬಂದವರಿಗೆ ಒಂದು ಸೌಟು ಉಚಿತ" ಎಂದು ಅವಳು ದರ್ಜಿಗೆ ಹೇಳಿದ್ದಳು. ದರ್ಜಿ ಹೆಂಗಸು ಮಹಾ ಉತ್ಸಾಹಿ. ಅದನ್ನೇ ಬರೆದು ಕಟ್ಟಡದ ಎಲ್ಲರ ಫೋನಿಗೂ ಕಳಿಸಿಬಿಟ್ಟಳು. ಬಂದ ಇಬ್ಬರಿಗೂ ಸೌಟು ಬೇಕಲ್ಲ? ಅವರು ತಲಾ ಇಬ್ಬರನ್ನು ಕರೆದರು, ಆ ಇಬ್ಬರು ಮತ್ತೆ ಇಬ್ಬರನ್ನು. ಹೀಗೆ ಸೌಟಿನ ಬಾಲ ಹಿಡಿದು ಎಪ್ಪತ್ತು ಚಿಲ್ಲರೆ ಮಂದಿ ಎರಡು ಕೋಣೆಯ ಮನೆಗೆ ನುಗ್ಗಿದ್ದರು.

"ನೋಡಿದ್ರಾ, ಹೇಗೆ ಸೇರಿಸಿದೀನಿ!" ಎಂದು ದರ್ಜಿ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬೀಗಿದಳು.

"ನೀವು ಮನೆಗೆ ಜನ ಕರೆದ್ರೋ, ಊರನ್ನೇ ಕರೆದ್ರೋ?" ಎಂದಳು ಮುಚ್ಚಳದಮ್ಮ. ಬೈಯಬೇಕೆಂದಿದ್ದಳು, ನಗು ಬಂದುಬಿಟ್ಟಿತು. ಇಷ್ಟು ಜನ ಅವಳನ್ನು ನೋಡಲು ಎಂದಾದರೂ ಬಂದಿದ್ದರೇ? ಹೆದರಿಕೆಯೂ ಖುಷಿಯೂ ಒಟ್ಟಿಗೇ ಆದವು.

ಜನರ ನಡುವೆ ಕುರ್ಚಿಯ ತುದಿಯಲ್ಲಿ ಈ ಪಾತ್ರೆಗಳ ಕಂಪನಿಯ ಮೇಡಂ ಕೂತಿದ್ದಳು. ಕಂಪನಿ ದೊಡ್ಡ ರಸ್ತೆಯಲ್ಲಿ ಒಂದು ಅಂಗಡಿ ತೆರೆಯುತ್ತಿತ್ತು. ಅಲ್ಲಿ ದಿನವೂ ಗ್ರಾಹಕರ ಎದುರು ಅಡುಗೆ ಮಾಡಿ ತೋರಿಸುವವಳೊಬ್ಬಳು ಬೇಕಾಗಿತ್ತು. ಸ್ವಂತದ್ದೆನ್ನಬಹುದಾದ ಒಲೆ, ಸೊಂಟದೆತ್ತರದ ಮೇಜು, ಪಾತ್ರೆ ಹೊತ್ತು ಹತ್ತಬೇಕಾದ ಮೆಟ್ಟಿಲೇ ಇಲ್ಲದ ಕೆಲಸ. ಮುಚ್ಚಳದಮ್ಮ ಆ ಕೆಲಸಕ್ಕಾಗಿ ಬಾಯಿ ಬಿಟ್ಟು ಕೇಳಿದ್ದಳು. "ಒಂದ್ಸಲ ನೋಡ್ತೀನಿ, ಆಮೇಲೆ ಹೇಳ್ತೀನಿ" ಎಂದಿದ್ದ ಮೇಡಂ ನೋಡಲು ಆರಿಸಿಕೊಂಡದ್ದು ಈ ದಿನವನ್ನೇ.

ಮೇಡಂಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಮುಚ್ಚಳದಮ್ಮನಿಗೆ ವಾಸನೆ ಬರುತ್ತಿರಲಿಲ್ಲ.

ಮೊದಲು ಅವಳು ಒಂದು ಶಾಲೆಯ ಅಡುಗೆಮನೆಯಲ್ಲಿದ್ದಳು. ಮುನ್ನೂರು ಮಕ್ಕಳಿಗೆ ಬೇಯಿಸುತ್ತಿದ್ದಳು. ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಒಂದು ದಿನ ಹಂಡೆಯಷ್ಟು ಅನ್ನ ಸೀದು ಕರಕಲಾಗುತ್ತಿದ್ದರೆ ಅವಳು ಅದರ ಪಕ್ಕದಲ್ಲೇ ನಿಂತು ಸೊಪ್ಪು ಹೆಚ್ಚುತ್ತಿದ್ದಳು. ಹೊರಗಿನಿಂದ ಓಡಿಬಂದವರು ಅವಳ ಮುಖವನ್ನು ನೋಡಿದ ರೀತಿಯನ್ನು ಅವಳು ಇಂದಿಗೂ ಮರೆತಿಲ್ಲ. ಮಂಡಿ ನೋವು ಎಂದು ಸುಳ್ಳು ಹೇಳಿ ಕೆಲಸ ಬಿಟ್ಟಳು. ಅಡುಗೆ ಬಿಟ್ಟರೆ ಬೇರೇನೂ ಬಾರದ ಹೆಣ್ಣು, ಮೂಗಿಲ್ಲದೆ ಏನು ಮಾಡಿಯಾಳು? ಆಗ ಸ್ವಂತ ಅಕ್ಕ ಬಂದು, "ನನ್ನ ಮೂಗು ಇದೆಯಲ್ಲೇ, ಇಟ್ಕೋ" ಎಂದಳು.

ಅಂದಿನಿಂದ ಇಬ್ಬರೂ ಸೇರಿ ಈ ವ್ಯಾಪಾರಕ್ಕಿಳಿದಿದ್ದರು. ಅಕ್ಕ ಒಲೆಯ ಹತ್ತಿರ ನಿಲ್ಲುತ್ತಾಳೆ. ತರಕಾರಿ ಹದಕ್ಕೆ ಬಂದ ವಾಸನೆ ಬಂದೊಡನೆ ತನ್ನ ಕಿವಿಯ ಓಲೆ ಮುಟ್ಟಿಕೊಳ್ಳುತ್ತಾಳೆ. ತಂಗಿ ಒಲೆ ಆರಿಸುತ್ತಾಳೆ. ಮುಚ್ಚಳ ತೆಗೆದು "ಹೇಳಿ, ವಾಸನೆ ಹೇಗಿದೆ?" ಎಂದು ಎಲ್ಲರನ್ನೂ ಕೇಳುತ್ತಾಳೆ. ಗಿರಾಕಿಗಳು ಅದನ್ನು ಮಾರಾಟದ ಜಾಣತನ ಎಂದುಕೊಳ್ಳುತ್ತಿದ್ದರು. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು.

ಅಂದು ತಂದ ಪಾತ್ರೆಗಳಲ್ಲಿ ಮಾಡಿದ್ದು ಎಪ್ಪತ್ತು ಜನರ ಹಲ್ಲಿಗೂ ಸಾಲದು. ಬರೀ ಪ್ರದರ್ಶನಕ್ಕೆಂದು ತಂದ ದೊಡ್ಡ ಪಾತ್ರೆಯೊಂದಿತ್ತು, ಅದರಲ್ಲಿ ಅವಳು ಒಮ್ಮೆಯೂ ಬೇಯಿಸಿರಲಿಲ್ಲ. ಮೇಡಂ ನೋಡುತ್ತಿದ್ದಾಳೆ. ಮುಚ್ಚಳದಮ್ಮ ಸೆರಗು ಸಿಕ್ಕಿಸಿ ಅದನ್ನೇ ಎತ್ತಿ ಒಲೆಯ ಮೇಲಿಟ್ಟಳು.

"ಯಾರ ಮನೇಲಿ ಏನು ತರಕಾರಿ ಇದೆಯೋ ತನ್ನಿ! ಇವತ್ತು ಎಲ್ಲರಿಗೂ ಊಟ!"

ಅಷ್ಟು ಸಾಕಾಯಿತು. ಮೆಟ್ಟಿಲುಗಳು ದಡದಡ ಎಂದವು. ಕ್ಯಾರೆಟ್ ಬಂತು, ಆಲೂಗಡ್ಡೆ ಬಂತು, ಈರುಳ್ಳಿ ಬುಟ್ಟಿಗಟ್ಟಲೆ ಬಂತು. ದರ್ಜಿಯ ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಹದಿನೈದು ಜನ ಹೆಚ್ಚಲು ನಿಂತರು. ಚಾಕು ಸಿಗದ ಒಬ್ಬಾಕೆ ಹೊಲಿಗೆಯ ಕತ್ತರಿ ಎತ್ತಿಕೊಂಡು ಹುರುಳಿಕಾಯಿಗೆ ಹಚ್ಚಿದ್ದೇ ತಡ, ದರ್ಜಿ ಕಿಟಾರನೆ ಕಿರುಚಿದಳು. "ಅಯ್ಯೋ, ಅದು ರೇಷ್ಮೆ ಕತ್ತರಿಸೋದು! ಹುರುಳಿಕಾಯಿ ಕತ್ತರಿಸಿದ್ರೆ ಅದರ ಗತಿ ಏನಮ್ಮಾ?" ಮನೆಗೆ ಮನೆಯೇ ಬಿದ್ದು ಬಿದ್ದು ನಕ್ಕಿತು.

ತರಕಾರಿಯೆಲ್ಲ ಪಾತ್ರೆಗೆ ಬಿತ್ತು. ಮುಚ್ಚಳದಮ್ಮ ಠಣ್ ಎಂದು ಬಾರಿಸಿ ಪಾಠ ಒಪ್ಪಿಸಿದಳು. "ನೋಡ್ಕೊಳಿ, ಒಂದು ತೊಟ್ಟು ನೀರು ಹಾಕಿಲ್ಲ. ತರಕಾರಿ ತನ್ನ ನೀರಲ್ಲೇ ಬೇಯುತ್ತೆ. ಆದ್ರೆ ಮಧ್ಯದಲ್ಲಿ ಮುಚ್ಚಳ ತೆಗೆಯೋ ಹಾಗಿಲ್ಲ. ತೆಗೆದ್ರೆ ಹಬೆ ಹೋಯ್ತು, ಹಬೆ ಹೋದ್ರೆ ತಳ ಹಿಡೀತು."

ಹೇಳಿ ಮುಗಿಸಿ, ಅಕ್ಕ ಎಲ್ಲಿ ಎಂದು ತಲೆ ಎತ್ತಿದಳು. ಅಕ್ಕ ಇರಲಿಲ್ಲ. ಸೌಟು ಹಂಚಲು ಬಾಗಿಲಿಗೆ ಹೋದವಳನ್ನು ಜನ ಮೆಟ್ಟಿಲ ತನಕ ತಳ್ಳಿಕೊಂಡು ಹೋಗಿದ್ದರು. "ನಂಗೆ ಬಂದಿಲ್ಲ, ನಂಗೆ ಬಂದಿಲ್ಲ" ಎಂಬ ಕೂಗಿನ ನಡುವೆ ಅವಳ ಸೌಟು ಹಿಡಿದ ಕೈ ಒಂದೇ ಮೇಲೆ ಕಂಡು ಮತ್ತೆ ಮುಳುಗಿತು.

ಮುಚ್ಚಳದಮ್ಮ ಪಾತ್ರೆಯ ಕಡೆ ತಿರುಗಿದಳು. ಗಡಿಯಾರ ನೋಡೋಣವೆಂದರೆ ಕಂಪನಿಯ ಪುಸ್ತಕದಲ್ಲಿ ಈ ಪಾತ್ರೆಗೆ ಎಷ್ಟು ಹೊತ್ತೆಂದು ಬರೆದಿಲ್ಲ. ಮುಚ್ಚಳ ತೆಗೆದು ನೋಡೋಣವೆಂದರೆ ಈಗಷ್ಟೇ ಬೇಡವೆಂದು ತಾನೇ ಸಾರಿದ್ದಾಳೆ. ಮತ್ತೆ ಅದೇ ಕರಕಲು, ಅದೇ ಮುಖಗಳು, ಈ ಸಲ ಎಪ್ಪತ್ತು ಮುಖಗಳು. ಅಂಗಡಿಯ ಕೆಲಸ ಹೋಗಲಿ, ಇರುವ ಹೆಸರೂ ಮಣ್ಣುಪಾಲಾಗುತ್ತದೆ.

ಉಳಿದದ್ದು ಒಂದೇ ದಾರಿ. ಮನೆಯಲ್ಲಿ ಒಬ್ಬಳೇ ಇದ್ದಾಗ ಅವಳು ಕಿವಿಯಿಂದ ಅಡುಗೆ ಮಾಡುವುದನ್ನು ಕಲಿತಿದ್ದಳು. ನೀರು ಬಿಡುವಾಗ ಪಾತ್ರೆ ಸುಯ್ ಎನ್ನುತ್ತದೆ, ಆಮೇಲೆ ಕೊತಕೊತ, ನೀರು ಇಂಗಿ ತಳ ಮುಟ್ಟುವ ಮುಂಚೆ ಸಣ್ಣಗೆ ಚಿಟಿಚಿಟಿ. ಆ ಚಿಟಿಚಿಟಿಗೆ ಒಲೆ ಆರಿಸಬೇಕು. ಜನರೆದುರು ಹೀಗೆ ಮಾಡುವ ಧೈರ್ಯ ಅವಳಿಗೆ ಎಂದೂ ಬಂದಿರಲಿಲ್ಲ. ಈಗಂತೂ ಆ ಗಲಾಟೆಯಲ್ಲಿ ತನ್ನ ಮಾತೇ ತನಗೆ ಕೇಳುತ್ತಿರಲಿಲ್ಲ, ಇನ್ನು ಪಾತ್ರೆಯದೆಲ್ಲಿ ಕೇಳೀತು?

ಅವಳು ಇನ್ನೊಂದು ಮುಚ್ಚಳ ಎತ್ತಿ ಸೌಟಿನಿಂದ ಬಾರಿಸಿದಳು. ಒಂದಲ್ಲ, ಹತ್ತು ಏಟು.

"ಎಲ್ಲರೂ ಬಾಯಿ ಮುಚ್ಚಿ!" ಎಂದು ಕೂಗಿಬಿಟ್ಟಳು. ಕೂಗಿದ ಮೇಲೆ ಅವಳಿಗೇ ಗಾಬರಿಯಾಯಿತು. ಗಿರಾಕಿಗಳಿಗೆ ಹೀಗೆ ಹೇಳುವುದುಂಟೇ? ತಕ್ಷಣ ದನಿ ತಗ್ಗಿಸಿ, ತುಟಿಯ ಮೇಲೆ ಬೆರಳಿಟ್ಟು ಹೇಳಿದಳು. "ಒಳ್ಳೇ ಪಾತ್ರೆ ಮಾತಾಡುತ್ತೆ. ಕೇಳಿಸ್ತೀನಿ, ಬನ್ನಿ. ಉಸಿರೂ ಬಿಡ್ಬೇಡಿ."

ಎಪ್ಪತ್ತು ಜನ ಸುಮ್ಮನಾದರು. ಮೆಟ್ಟಿಲ ಮೇಲಿನವರು ಕೆಳಗಿನವರಿಗೆ ಶ್ ಎಂದರು. ಅವಳು ಪಾತ್ರೆಯ ಮೇಲೆ ಬಾಗಿ ಕಣ್ಣು ಮುಚ್ಚಿದಳು.

ಕೊತಕೊತ. ಕೊತಕೊತ.

"ಇದು ನೀರು" ಎಂದು ಪಿಸುಗುಟ್ಟಿದಳು. "ಇನ್ನೂ ಇದೆ."

ಮಹಡಿಯ ಕೆಳಗೆ ಎಲ್ಲೋ ಒಂದು ಬಾಗಿಲು ಬಡಿಯಿತು. ಯಂತ್ರದ ಮೇಲೆ ಕೂತಿದ್ದ ದಪ್ಪ ಗೃಹಸ್ಥರು ಬಂದ ಸೀನನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿ ಕೆಂಪಾದರು. ಕೊತಕೊತ ನಿಧಾನವಾಯಿತು, ತೆಳುವಾಯಿತು. ಅವಳಿಗೆ ತನ್ನ ಎದೆ ಬಡಿತವೇ ಅಡ್ಡ ಬರುತ್ತಿತ್ತು. ಆಮೇಲೆ ತಳದಿಂದ, ತೀರಾ ಸಣ್ಣಗೆ, ಚಿಟಿ. ಚಿಟಿಚಿಟಿ.

ಅವಳು ಒಲೆ ಆರಿಸಿದಳು, ಎರಡೂ ಕೈಯಿಂದ ಮುಚ್ಚಳ ಎತ್ತಿದಳು. ಹಬೆ ಭುಗ್ಗೆಂದು ಚಾವಣಿಗೇರಿತು. ಕ್ಯಾರೆಟ್ ಬಣ್ಣಗೆಡದೆ ಹೊಳೆಯುತ್ತಿತ್ತು. ಸೌಟು ಹಾಕಿ ಕೆದಕಿದರೆ ತಳ ಕನ್ನಡಿಯಷ್ಟು ಚೊಕ್ಕಟ. ಓಹೋ ಎಂಬ ಉದ್ಗಾರ ಒಳಗಿನಿಂದ ಮೆಟ್ಟಿಲಿಳಿದು ಬೀದಿಯ ತನಕ ಹೋಯಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ದರ್ಜಿಯ ಅಜ್ಜಿ ಮಾತ್ರ ಮುಖ ಊದಿಸಿದ್ದಳು. "ಏನೋ ಕೇಳುತ್ತೆ ಕೇಳುತ್ತೆ ಅಂದೆ. ನಂಗೆ ಏನೂ ಕೇಳಿಸ್ಲಿಲ್ಲಮ್ಮ, ಕಿವಿ ಮಂದ. ವಾಸನೆ ಮಾತ್ರ ಚೆನ್ನಾಗಿ ಬಂತು."

ಮುಚ್ಚಳದಮ್ಮ ಗೆದ್ದ ಖುಷಿಯಲ್ಲಿದ್ದಳು. ಎರಡು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಆ ನಗುವಿನಲ್ಲೇ ಜಾರಿ ಹೊರಬಿತ್ತು. "ನಂಗೆ ವಾಸನೆ ಬರಲ್ಲಜ್ಜಿ! ನಂಗೆ ಕೇಳಿಸ್ತು!"

ಎಪ್ಪತ್ತು ಮುಖಗಳೂ ಅವಳ ಕಡೆ ತಿರುಗಿದವು. ಅವಳ ಕಣ್ಣು ಮೇಡಂ ಕಡೆ ಹೊರಳಿತು. ಇನ್ನು ನುಂಗಿಕೊಂಡು ಪ್ರಯೋಜನವಿರಲಿಲ್ಲ.

"ಎರಡು ವರ್ಷ ಆಯ್ತು ಮೇಡಂ. ಜ್ವರ ಬಂದು ಮೂಗು ಹೋಯ್ತು. ಹೇಳೋಕೆ ನಾಚಿಕೆ. ಅದಕ್ಕೇ ದಿನಾ ಎಲ್ಲರನ್ನೂ ವಾಸನೆ ಹೇಗಿದೆ ಅಂತ ಕೇಳ್ತಿದ್ದೆ."

ಮೇಡಂ ಬಾಯಿ ತೆರೆಯುವ ಮುಂಚೆ ಅಜ್ಜಿಯೇ ಪಾತ್ರೆಯ ಮೇಲೆ ಬಾಗಿದಳು. ಮಾತು ಅವಳಿಗೆ ಎಷ್ಟು ಕೇಳಿಸಿತೋ, ತಟ್ಟಿದ್ದಂತೂ ನಿಜ. "ಹೇಳ್ತೀನಿ ಕೇಳು. ಈರುಳ್ಳಿ ಖಾರ ಬಿಟ್ಟು ಸಿಹಿಯಾಗಿದೆ. ಚಳಿಗಾಲದ ಬೆಳಿಗ್ಗೆ ಹೊದ್ದುಕೊಂಡು ಮಲಗಿದ್ದಾಗ ನಮ್ಮಮ್ಮ ಅಡುಗೆಮನೇಲಿ ಇದಾಳೆ ಅಂತ ಗೊತ್ತಾಗ್ತಿತ್ತಲ್ಲ, ಹಾಗಿದೆ."

"ಕ್ಯಾರೆಟ್ ಜೇನಿನ ಥರ ಇದೆ" ಎಂದಳು ದರ್ಜಿ. "ಹಸಿವಾಗೋ ಥರ ಇದೆ" ಎಂದರು ದಪ್ಪ ಗೃಹಸ್ಥರು. ಮೆಟ್ಟಿಲಿನಿಂದ ಯಾರೋ, "ಇಲ್ಲಿಗೂ ಬಂತು, ರಜಾ ದಿನದ ಮಧ್ಯಾಹ್ನದ ವಾಸನೆ!" ಎಂದು ಕೂಗಿದರು. ಎರಡು ವರ್ಷದಲ್ಲಿ ಎಲ್ಲರೂ ಘಮಘಮ ಅನ್ನುತ್ತಿದ್ದರೇ ಹೊರತು ಬಿಡಿಸಿ ಹೇಳಿದವರೇ ಇರಲಿಲ್ಲ. ಮುಚ್ಚಳದಮ್ಮ ಸೌಟು ಹಿಡಿದು ನಿಂತಲ್ಲೇ ಗಳಗಳ ಅತ್ತಳು. ಅವಳಿಗೆ ತುಂಬಾ ಸಂತೋಷವಾಗಿತ್ತು.

ಮೇಡಂ ಎದ್ದು ಹತ್ತಿರ ಬಂದು ಒಂದು ತಟ್ಟೆ ಚಾಚಿದಳು. "ಸೋಮವಾರದಿಂದ ಅಂಗಡಿಗೆ ಬನ್ನಿ. ಇವತ್ತು ಮಾಡಿದ ಹಾಗೇ ಮಾಡಿ. ನಿಜ ಮೊದಲೇ ಹೇಳಿಬಿಡಿ, ಆಮೇಲೆ ಪಾತ್ರೆಯ ಮಾತು ಎಲ್ಲರಿಗೂ ಕೇಳಿಸಿ."

ಅಷ್ಟರಲ್ಲಿ ಜನರ ಕಾಲುಗಳ ನಡುವಿನಿಂದ ಅಕ್ಕ ನುಸುಳಿ ಬಂದಳು. ತುರುಬು ಬಿಚ್ಚಿತ್ತು, ಏದುಸಿರು ಬರುತ್ತಿತ್ತು. ಒಂದು ಕೈಯಲ್ಲಿ ಕೊನೆಯ ಸೌಟು, ಇನ್ನೊಂದು ಕೈಯಿಂದ ತನ್ನ ಓಲೆಯನ್ನು ಜಗ್ಗುತ್ತಲೇ ಇದ್ದಳು. ಮೆಟ್ಟಿಲ ಮೇಲಿನಿಂದಲೇ ಜಗ್ಗುತ್ತಾ ಬಂದಿದ್ದಳೆಂದು ಕಾಣುತ್ತದೆ, ಕಿವಿ ಕೆಂಪಾಗಿತ್ತು.

"ಆಗ್ಲಿಂದ ತೋರಿಸ್ತಾ ಇದೀನಿ, ನೋಡ್ಬಾರದಾ? ಆಯ್ತು ಕಣೇ, ಆರಿಸು!"

"ಆರಿಸಿದೆ ಅಕ್ಕ" ಎಂದು ಮುಚ್ಚಳದಮ್ಮ ಅವಳ ಕೈಯನ್ನು ಓಲೆಯಿಂದ ಬಿಡಿಸಿ, ಅದೇ ಕೈಗೆ ಮೊದಲ ತಟ್ಟೆ ಕೊಟ್ಟಳು. "ನೀನು ಕೂತ್ಕೊಂಡು ಊಟ ಮಾಡು."