ರಾಜಿಖುಷಿಯಿಂದ

ನನ್ನ ಕೋಣೆಯ ಬಾಗಿಲ ಮೇಲೆ 'ಮುಖ್ಯ ಕಾನೂನು ಅಧಿಕಾರಿ' ಎಂಬ ಫಲಕವಿದೆ. ಸಂಸ್ಥೆಗೆ ಬರುವ ಕಲಾವಿದರಲ್ಲಿ ಅರ್ಧ ಜನ ಅದನ್ನು ಓದಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ, ಇನ್ನರ್ಧ ಜನ ಒಳಗೇ ಬರುವುದಿಲ್ಲ. ಬಯಲಾಟದಲ್ಲಿ ಭೀಮನ ಪಾತ್ರ ಮಾಡುವ ಹಿರಿಯರೊಬ್ಬರು, ಗದೆ ಎತ್ತಿದರೆ ಮುಂದಿನ ಸಾಲಿನವರು ಹಿಂದೆ ಸರಿಯುವಂಥವರು, ನನ್ನ ಬಾಗಿಲಲ್ಲಿ ಕೈಮುಗಿದು ನಿಂತು, "ಮೇಡಂ, ನಾ ಏನೂ ತಪ್ಪು ಮಾಡಿಲ್ರೀ" ಎಂದಿದ್ದರು. ಅವರನ್ನು ನಾನು ಕರೆಸಿದ್ದು ಅವರದೇ ಒಪ್ಪಂದದ ಪ್ರತಿ ಕೊಡುವುದಕ್ಕೆ.

ನಮ್ಮದು ಲಾಭಕ್ಕಲ್ಲದೆ ನಡೆಯುವ ದೊಡ್ಡ ಸಾಂಸ್ಕೃತಿಕ ಸಂಸ್ಥೆ. ಸಿಂಧನೂರಿನ ಹೊರಗೆ ವಸ್ತುಸಂಗ್ರಹಾಲಯ, ಬಯಲಾಟದ ಶಾಲೆ, ಹಾಡುಗಳ ಭಂಡಾರ. ಲಿಂಗಸುಗೂರು ಮತ್ತು ಮಸ್ಕಿಯಲ್ಲಿ ಶಾಖೆಗಳು. ಹಾಡುವವರು ಹಾಡುತ್ತಾರೆ, ಕುಣಿಯುವವರು ಕುಣಿಯುತ್ತಾರೆ, ಅವರ ಹಿಂದೆ ಕಾಗದ ಹಿಡಿದು ಓಡುವವಳು ನಾನು. ಓಡುತ್ತಾ ಓಡುತ್ತಾ ನನ್ನ ಕೂದಲು ನೆರೆತಿದೆ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ ಹಾಗೇ ಕೂತಿದೆ. ಯಾವುದಾದರೂ ಕರಾರಿನಲ್ಲಿ 'ಇತ್ಯಾದಿ' ಎಂಬ ಪದ ಕಂಡರೆ ಬರೆದವರನ್ನು ಕರೆಸಿ, ಆ ಇತ್ಯಾದಿಯಲ್ಲಿ ಏನೇನು ಬರುತ್ತದೆ ಹೇಳಿ ಎಂದು ಕೂರಿಸುತ್ತೇನೆ. ಇದರಿಂದ ಆಫೀಸಿನಲ್ಲಿ ನನಗೊಂದು ಅಡ್ಡಹೆಸರು ಬಿದ್ದಿದೆ. ಅದೇನೆಂದು ನನಗೆ ಗೊತ್ತಿಲ್ಲವೆಂದು ಅವರೆಲ್ಲ ನಂಬಿದ್ದಾರೆ.

ಭಂಡಾರದಲ್ಲಿರುವ ಹಾಡುಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಎಲ್ಲರೂ ಕೇಳುವಂತೆ ತೆರೆದಿಡಬೇಕೆಂದು ಸಂಸ್ಥೆ ತೀರ್ಮಾನಿಸಿತು. ಹಾಡಿದವರ ಒಪ್ಪಿಗೆ ಕಾಗದದ ಮೇಲೆ ಇಲ್ಲದ ಒಂದು ಹಾಡೂ ಹೊರಗೆ ಹೋಗಕೂಡದೆಂದು ನಿಯಮ ಮಾಡಿದವಳು ನಾನೇ. ಹಳೆಯ ಒಪ್ಪಿಗೆ ಪತ್ರ ತೆಗೆದು ನೋಡಿದರೆ, ಕನ್ನಡವೇನೋ ಕನ್ನಡವೇ, ಆದರೆ ಓದಿದವರಿಗೆ ತಲೆ ಚಿಟ್ಟು ಹಿಡಿಯುವಂಥದ್ದು. ಅದನ್ನು ಕಿತ್ತೊಗೆದು ನಮ್ಮ ಜನರಿಗೆ ತಿಳಿಯುವ ಮಾತಿನಲ್ಲಿ ಹೊಸದಾಗಿ ಬರೆದೆ. 'ರಾಜಿಖುಷಿಯಿಂದ' ಎಂಬ ಮಾತನ್ನೂ ಹಾಕಿದೆ. ನಿಜಾಮರ ಕಾಲದಿಂದ ನಮ್ಮ ಕಡೆಯ ಪತ್ರಗಳಲ್ಲಿ ಉಳಿದುಕೊಂಡು ಬಂದಿರುವ ಮಾತದು. ಯಾರ ಒತ್ತಾಯವೂ ಇಲ್ಲದೆ, ಒಪ್ಪಿ, ಸಂತೋಷದಿಂದ ಎಂದರ್ಥ. ಲಿಂಗಸುಗೂರಿನ ಕೋರ್ಟಿನಲ್ಲಿ ನಾನು ಜೂನಿಯರ್ ಆಗಿದ್ದಾಗ ದಿನಕ್ಕೆ ಹತ್ತು ಸಲ ಬರೆಯುತ್ತಿದ್ದ ಮಾತು. ಅದನ್ನು ಮತ್ತೆ ಬಳಕೆಗೆ ತಂದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಕಲಾವಿದರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ಯಾರೂ ತಕರಾರು ತೆಗೆಯಲಿಲ್ಲ.

ಉಳಿದವರು ವಳಕಮದಿನ್ನಿಯ ಒಬ್ಬ ಅಜ್ಜಿ. ಪಂಚಮಿಯ ಜೋಕಾಲಿ ಹಾಡುಗಳನ್ನು ಅವರಷ್ಟು ಬಲ್ಲವರು ನಮ್ಮ ಸೀಮೆಯಲ್ಲಿಲ್ಲ. ನಡುವಯಸ್ಸಿನಲ್ಲಿದ್ದಾಗ ಅವರು ನಮ್ಮ ಮಸ್ಕಿ ಶಾಖೆಯ ಅಂಗಳದಲ್ಲಿ ಕೂತು ಹಾಡಿದ್ದನ್ನು ಕ್ಯಾಸೆಟ್ಟಿಗೆ ಹಿಡಿದಿದ್ದರು. ಆ ಧ್ವನಿ ನನಗೆ ಮೊದಲಿನಿಂದ ಪರಿಚಿತ. ಬೇಸರದ ಕರಾರುಗಳನ್ನು ಓದುವಾಗ ಕಿವಿಗೆ ಅದನ್ನೇ ಹಾಕಿಕೊಂಡು ಓದುತ್ತಿದ್ದೆ. ಹಾಡಿನ ನಡುವೆ ಒಂದು ಕಡೆ ಅವರು ಕೆಮ್ಮಿ, "ನೀರ ಕೊಡ್ರೆ" ಎನ್ನುತ್ತಾರೆ. ಅದನ್ನು ಕತ್ತರಿಸಲು ನಾನು ಬಿಟ್ಟಿರಲಿಲ್ಲ.

ಅವರಿಗೆ ಬಸ್ಸು ಹತ್ತಿ ಬರಲು ಆಗುವುದಿಲ್ಲವೆಂದು ನಾನೇ ಹೋದೆ. ಕಾಲುವೆಗೆ ನೀರು ಬಿಟ್ಟು ಎಲ್ಲೆಲ್ಲೂ ಭತ್ತದ ನಾಟಿ ನಡೆದಿತ್ತು. ಸೊಸೆ ಚಹಾ ತಂದುಕೊಟ್ಟು ತಾನೂ ಗೋಡೆಗೆ ಒರಗಿ ಕೂತಳು. ಅಜ್ಜಿ ನನ್ನ ಕೈಹಿಡಿದು ನೋಡಿ, "ಇಷ್ಟು ಮೆತ್ತಗದಾವು, ಏನೂ ಕೆಲಸ ಮಾಡಂಗಿಲ್ಲೇನು?" ಎಂದು ಕೇಳಿದರು. ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಇಂಕ್ ಪ್ಯಾಡ್ ತೆರೆದಿಟ್ಟೆ, ಅಜ್ಜಿ ಹೆಬ್ಬೆರಳನ್ನು ಅದಕ್ಕೆ ಒತ್ತಿ ತಯಾರಾದರು. ಓದದೆ ಒತ್ತಿಸಿಕೊಳ್ಳುವುದು ನನ್ನ ಪದ್ಧತಿಯಲ್ಲ, ಹಾಗಾಗಿ ಗಟ್ಟಿಯಾಗಿ ಓದತೊಡಗಿದೆ.

"ಏನಂದಿ? ಅದನ್ನ ಇನ್ನೊಮ್ಮೆ ಓದು."

"'ಈ ಹಾಡುಗಳ ಮೇಲಿನ ನನ್ನ ಎಲ್ಲ ಹಕ್ಕುಗಳನ್ನು ರಾಜಿಖುಷಿಯಿಂದ ಬಿಟ್ಟುಕೊಟ್ಟಿದ್ದೇನೆ' ಅಂತ ಐತ್ರೀ."

ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಹಸಿರು ಸೀರೆಯ ಮೇಲೆ ನೀಲಿ ಕಲೆಯಾಯಿತು.

"ಇದಕ್ಕ ನಾ ಹಿಂದೊಮ್ಮೆ ಒತ್ತೀನಿ ಯವ್ವಾ. ಅದ್ರಾಗೂ ಇವಾ ಮಾತು. ಇನ್ನ ಒತ್ತಂಗಿಲ್ಲ."

ಆಮೇಲೆ ಹೇಳಿದರು. ಅವರ ತವರು ಮಸ್ಕಿ ಹತ್ತಿರದ ಹಳ್ಳಿ. ತಂದೆ ತೀರಿಕೊಂಡ ಮೇಲೆ ಅಣ್ಣಂದಿರು ಹೊಲದಲ್ಲಿ ಇವರ ಪಾಲಿಲ್ಲವೆಂದು ಬರೆಸಿದ ಪತ್ರ ತಂದಿದ್ದರು. ಬಲವಂತವೇನೂ ಇರಲಿಲ್ಲ. ಕರೆದುಕೊಂಡು ಹೋಗಿ ಹೋಳಿಗೆ ಉಣ್ಣಿಸಿ ಸೀರೆ ಉಡಿಸಿದ್ದರು.

"ಹೊಲ ನನಗ್ಯಾಕ ಬೇಕಿತ್ತು? ನಾನೇನು ಅದನ್ನ ಹೊತ್ಕೊಂಡು ಬರಾಕಿದ್ದೆನ? ಖುಷೀಲೇ ಒತ್ತಿದೆ. ಎರಡು ವರ್ಷ ಪಂಚಮಿಗೆ ಕರ್ಯಾಕ ಬಂದ್ರು. ಮೂರನೇ ವರ್ಷ ಬರ್ಲಿಲ್ಲ. ನಾ ಉಂಡಿ ಕಟ್ಟಿ ಇಟ್ಕೊಂಡು ಊರ ಅಗಸಿ ಬಾಗಲಾಗ ಕುಂತಿದ್ದೆ. ಹಕ್ಕು ಬಿಟ್ರ ಹೊಲ ಹೋಗ್ತದ ಅಂತ ಗೊತ್ತಿತ್ತು. ತವರೂ ಹೋಗ್ತದ ಅಂತ ಯಾರೂ ಹೇಳ್ಲಿಲ್ಲ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಣ್ಣಂದಿರು ಕೆಟ್ಟವರಲ್ಲ, ಮರೆತರು ಅಷ್ಟೆ ಎಂದರು. "ಈಗ ಹಾಡೂ ಬಿಟ್ಟುಕೊಟ್ರ ನನ್ನ ಹತ್ರ ಇನ್ನೇನು ಉಳೀತದ, ನೀನಾ ಹೇಳು" ಎಂದು ನನ್ನ ಮುಖ ನೋಡಿದರು. ಅರ್ಥವಾಗದ ಹಳೆಯ ಪತ್ರವನ್ನೇ ಒಯ್ದಿದ್ದರೆ ಅವರು ಸುಮ್ಮನೆ ಒತ್ತುತ್ತಿದ್ದರು. ನಾನು ತಿಳಿಯುವ ಹಾಗೆ ಬರೆದಿದ್ದೆ, ಅವರಿಗೆ ತಿಳಿಯಿತು.

ಸಂಸ್ಥೆಗೆ ಮರಳಿ ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ಒಳ್ಳೆಯವರು, ಆದರೆ ಅವಸರದವರು. ಪಂಚಮಿ ಮುಗಿದ ವಾರಕ್ಕೇ ಭಂಡಾರ ತೆರೆಯುವ ಸಮಾರಂಭ, ಆಮಂತ್ರಣ ಅಚ್ಚಿಗೆ ಹೋಗಿತ್ತು.

"ಸೊಸಿ ಕಡಿಂದ ಒಂದು ಸಹಿ ಮಾಡಿಸ್ಕೊಂಡು ಬರ್ರಿ ಮೇಡಂ. ಅದರಾಗೇನೈತಿ?"

"ಹಾಡಿದಾಕಿ ಬ್ಯಾಡಂದಾಳ, ಸೊಸಿ ಹೂಂ ಅಂದ್ರ ಹೆಂಗ್ರೀ ನಡೀತದ? ನಾಳೆ ನಿಮ್ಮ ಮನಿ ನಿಮ್ಮ ಅಳಿಯನ ಸಹಿ ತಗೊಂಡು ಮಾರ್ಲೇನು?" ಎಂದು ಕೂಗಿಬಿಟ್ಟೆ. ಪಕ್ಕದ ಕೋಣೆಯಲ್ಲಿ ಟೈಪ್ ಮಾಡುತ್ತಿದ್ದವರ ಕೈ ನಿಂತಿತು.

"ಹಂಗಾದ್ರ ಆ ಹಾಡು ಬಿಟ್ಟು ತೆರೀತೀವಿ" ಎಂದರು ಅವರು. ನನ್ನದೇ ನಿಯಮ, ಎದುರು ಮಾತಾಡುವಂತಿರಲಿಲ್ಲ. ಆ ಧ್ವನಿ ಇನ್ನು ಬೀಗ ಹಾಕಿದ ಕಪಾಟಿನಲ್ಲಿ ಉಳಿಯುತ್ತದೆ, ಅದನ್ನು ಅಲ್ಲಿ ಕೂಡಿಹಾಕಿದವಳು ನಾನು. ಅಂದು ಊಟ ಸೇರಲಿಲ್ಲ.

ಸೇರದಿರಲು ಇನ್ನೊಂದು ಕಾರಣವೂ ಇತ್ತು. ಅಂಥದೇ ಪತ್ರಕ್ಕೆ ನಾನೂ ಸಹಿ ಹಾಕಿದವಳು. ನಮ್ಮದು ಮುದಗಲ್. ಅಪ್ಪ ತೀರಿದಾಗ ಮನೆ ಮತ್ತು ಕಿರಾಣಿ ಅಂಗಡಿ ತಮ್ಮನಿಗಿರಲೆಂದು ಹಕ್ಕು ಬಿಟ್ಟುಕೊಟ್ಟೆ. ಪತ್ರ ಬರೆದವಳೂ ನಾನೇ, ಕಾಲು ಗಂಟೆಯಲ್ಲಿ, ಒಂದು ತಿದ್ದುಪಡಿಯಿಲ್ಲದೆ. ತಮ್ಮ ಅಳುತ್ತಿದ್ದ, ನಾನು ಕಾಗುಣಿತ ನೋಡುತ್ತಿದ್ದೆ. ಮೊದಮೊದಲು ಪಂಚಮಿಗೆ ಉಂಡಿಯ ಡಬ್ಬಿ ಹಿಡಿದು ಬಸ್ಸಿನಲ್ಲಿ ಬಂದು ಕರೆಯುತ್ತಿದ್ದ. ಕೆಲಸವಿದೆ ಎಂದು ಡಬ್ಬಿ ಇಳಿಸಿಕೊಂಡು ಕಳಿಸುತ್ತಿದ್ದೆ. ಆಮೇಲೆ ಫೋನ್ ಮಾಡಿದ. ಕಳೆದ ವರ್ಷ ವಾಟ್ಸಾಪಿನಲ್ಲಿ ನಾಗಪ್ಪನ ಚಿತ್ರ ಬಂತು, ಊರಿಗೆಲ್ಲ ಕಳಿಸಿದ್ದನ್ನೇ ನನಗೂ ಕಳಿಸಿದ್ದ. ನಾನು ಒಂದು ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾಗಿದ್ದೆ. ಬೇಸರವಾಗಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಬಿಡುವಿಲ್ಲದವಳೆಂದು ನನಗೆ ನಾನೇ ಹೇಳಿಕೊಳ್ಳುವುದು ಸುಲಭವಾಗಿತ್ತು.

ಮರುದಿನ ಪತ್ರವನ್ನು ಹೊಸದಾಗಿ ಬರೆದೆ. ನೋಡಿದರೆ, ಸಂಸ್ಥೆಗೆ ಹಕ್ಕು ಬೇಕಾಗಿಯೇ ಇರಲಿಲ್ಲ. ಕೇಳಿಸಲು ಅನುಮತಿ ಸಾಕಿತ್ತು. 'ಎಲ್ಲ ಹಕ್ಕುಗಳು' ಎಂದು ಕೇಳುವುದು ನಮ್ಮಂಥ ವಕೀಲರ ಚಟ. ಸಿಕ್ಕರೆ ಇರಲಿ ಎಂದು ಕೇಳುತ್ತೇವೆ. ಹಾಡುಗಳು ಅವರವು, ಅವರವಾಗಿಯೇ ಇರುತ್ತವೆ, ಸಂಸ್ಥೆ ಅವನ್ನು ಜನರಿಗೆ ಕೇಳಿಸಬಹುದು, ಬೇಡವೆಂದ ದಿನ ನಿಲ್ಲಿಸಬೇಕು ಎಂದು ನಾಲ್ಕು ಸಾಲು ಬರೆದೆ. 'ರಾಜಿಖುಷಿಯಿಂದ' ಎಂಬುದನ್ನು ಹೊಡೆದು ಹಾಕಿದೆ. ಈಗಾಗಲೇ ಸಹಿ ಹಾಕಿದವರಿಗೂ ಇದೇ ಪತ್ರ ಕಳಿಸಬೇಕೆಂದು ಬರೆದಿಟ್ಟೆ.

ಮತ್ತೆ ವಳಕಮದಿನ್ನಿಗೆ ಹೋಗಿ ಓದಿದೆ. ಅಜ್ಜಿ ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿ, "ಇದು ಪಾಡೈತಿ. ಇನ್ನೊಂದು ಬರಿ" ಎಂದರು.

"ಏನು ಬರೀಲ್ರೀ?"

"ಪಂಚಮಿಗೆ ನನ್ನ ಕರೀಬೇಕು. ಹಾಡು ಇಟ್ಕೊಂಡ ಮನಿ ಅಂದ್ರ ತವರಲ್ಲೇನು? ಫೋನ್ ಮಾಡಂಗಿಲ್ಲ. ಬಾಗಲಿಗೆ ಬಂದು ಕರೀಬೇಕು."

ಸೊಸೆಗೆ ನಾಚಿಕೆಯಾಗಿ, "ಸುಮ್ನಿರ್ರಿ ಅತ್ತಿ, ಅವ್ರು ದೊಡ್ಡ ಆಫೀಸರು" ಎಂದಳು. ನಾನು ಪೆನ್ನು ತೆಗೆದೆ. ಐದನೆಯ ಷರತ್ತು: ಪ್ರತಿ ವರ್ಷ ನಾಗರಪಂಚಮಿಗೆ ಸಂಸ್ಥೆಯವರು ಇವರ ಮನೆಯ ಬಾಗಿಲಿಗೆ ಬಂದು ಇವರನ್ನು ಕರೆದೊಯ್ಯತಕ್ಕದ್ದು. ಬರೆದು ಮುಗಿಸಿದ ಮೇಲೆ ಅಭ್ಯಾಸಬಲದಿಂದ ಕೇಳಿದೆ, ಪ್ರತಿಯೊಂದು ಷರತ್ತಿಗೂ ನಾನು ಕೇಳುವ ಪ್ರಶ್ನೆ ಅದು.

"ಅವ್ವಾರ, ಸಂಸ್ಥೆಯವ್ರು ಕರ್ಯಾಕ ಬರ್ಲಿಲ್ಲಂದ್ರ ನೀವೇನು ಮಾಡ್ತೀರಿ?"

"ಏನು ಮಾಡ್ಲಿ ಯವ್ವಾ? ದಾರಿ ನೋಡ್ತೀನಿ."

ಅದನ್ನು ಬರೆಯಲು ನನ್ನಿಂದಾಗಲಿಲ್ಲ. ಅಜ್ಜಿ ಹೆಬ್ಬೆಟ್ಟು ಒತ್ತಿದರು, ಎರಡು ಪ್ರತಿಗೂ, ಗಟ್ಟಿಯಾಗಿ.

ಆಡಳಿತ ಮಂಡಳಿಯ ಸಭೆಯಲ್ಲಿ ಐದನೆಯ ಷರತ್ತು ಓದಿದಾಗ ಇಬ್ಬರು ನಕ್ಕರು. ಕಾರ್ಯದರ್ಶಿಗಳು ನನ್ನದೇ ಪ್ರಶ್ನೆಯನ್ನು ನನಗೆ ಕೇಳಿದರು, "ಈ ಷರತ್ತು ಮುರಿದ್ರ ಪರಿಣಾಮ ಏನು ಮೇಡಂ?"

"ಅವ್ರು ದಾರಿ ನೋಡ್ತಾರಂತ್ರೀ" ಎಂದೆ.

ನಕ್ಕವರು ನಗು ನಿಲ್ಲಿಸಿದರು. ಕಾರ್ಯದರ್ಶಿಗಳು, "ಗಾಡಿ ಯಾರು ತಗೊಂಡು ಹೋಗ್ತೀರಿ?" ಎಂದಷ್ಟೇ ಕೇಳಿದರು. ನಾನು ಕೈಯೆತ್ತಿದೆ.

ಪಂಚಮಿಯ ಹಿಂದಿನ ದಿನ, ರೊಟ್ಟಿ ಹಬ್ಬದಂದು, ಬೆಳಿಗ್ಗೆ ಹೋದೆ. ಅಜ್ಜಿ ಅದೇ ಹಸಿರು ಸೀರೆ ಉಟ್ಟು, ಚೀಲ ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಒಗೆದರೂ ಹೋಗದ ನೀಲಿ ಕಲೆ ಸೆರಗಿನಲ್ಲಿತ್ತು. ನಸುಕಿನಿಂದ ಅಲ್ಲಿಂದ ಎದ್ದಿಲ್ಲವೆಂದು ಸೊಸೆ ದೂರಿದಳು. ಬಾಗಿಲಲ್ಲಿ ನಿಂತು, "ಹಬ್ಬಕ್ಕ ಕರ್ಯಾಕ ಬಂದೀನ್ರೀ" ಎಂದೆ. ಅಜ್ಜಿ ಬಿಗುಮಾನದಿಂದ, "ತಡಾ ಮಾಡಿದಿ" ಎಂದರು.

ಗಾಡಿಯ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತು ದಾರಿಯುದ್ದಕ್ಕೂ ಹಾಡಿನ ಮಾತು. ಸಿಂಧನೂರು ಹತ್ತಿರ ಬಂದಾಗ ಕೇಳಿದರು, "ನಿನ್ನ ತವರು ಯಾವದು?"

"ಮುದಗಲ್ರೀ."

"ಕರ್ಯಾಕ ಬರ್ತಾರನು?"

"ತಮ್ಮ ಅದಾನ. ಫೋನ್ ಮಾಡ್ತಾನ" ಎಂದೆ. ಅದೂ ಪೂರ್ತಿ ನಿಜವಲ್ಲ.

ಅಜ್ಜಿ ನನ್ನ ಮೆತ್ತಗಿನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡರು. "ಹೇಳ್ಬೇಕವ್ವ ಅವಂಗ. ನನಗ ಹೇಳಾಕ ಬರ್ಲಿಲ್ಲ. ನೀ ವಕೀಲಾಕಿ."

ಸಂಸ್ಥೆಯ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಬಯಲಾಟ ಶಾಲೆಯ ಹೆಣ್ಣುಮಕ್ಕಳು ಅಜ್ಜಿಯನ್ನು ಸುತ್ತುವರಿದರು, ಹಾಡು ಶುರುವಾಯಿತು. ಕ್ಯಾಸೆಟ್ಟಿನ ಧ್ವನಿಗಿಂತ ಸಣ್ಣದಾಗಿತ್ತು, ಆದರೂ ಅದೇ. ನಾನು ಕೋಣೆಗೆ ಬಂದು ಫೋನ್ ಎತ್ತಿಕೊಂಡೆ. ಮಧ್ಯಾಹ್ನದ ಹೊತ್ತು, ತಮ್ಮ ಅಂಗಡಿಯಲ್ಲಿದ್ದ.

"ಹೇಳಕ್ಕ. ಹಬ್ಬಕ್ಕ ಬಾ ಅಂದ್ರ ಈ ವರ್ಷನೂ ಕೆಲಸ ಐತಿ ಅಂತೀಯಲ್ಲ?"

"ಅನ್ನಂಗಿಲ್ಲ. ಆದ್ರ ಫೋನಿನ್ಯಾಗ ಕರದ್ರ ನಾ ಬರಂಗಿಲ್ಲ. ಮನಿ ಬಾಗಲಿಗೆ ಬಂದು ಕರಿ."

ಅವನು ನಕ್ಕ. "ಏನಕ್ಕ ಇದು ಹೊಸಾ ಕಾನೂನು? ಬರ್ಲಿಲ್ಲಂದ್ರ ನನ್ನ ಮ್ಯಾಲ ಕೇಸ್ ಹಾಕ್ತೀಯೇನು?"

"ಇಲ್ಲಲೇ" ಎಂದೆ. "ದಾರಿ ನೋಡ್ತೀನಿ."

ಆ ಕಡೆಯಿಂದ ಅಂಗಡಿಯ ಶಟರ್ ಕೆಳಗೆ ಎಳೆಯುವ ಸದ್ದು ಕೇಳಿಸಿತು.