ಮಗ್ಗದ ಗುಂಡಿ ಮುಚ್ಚಿದ ಮೇಲೆ

ಕಳೆದ ಬೇಸಿಗೆಯಲ್ಲಿ ಬಳ್ಳಾರಿಯ ಒಂದು ದೊಡ್ಡ ಮನೆಯ ಒಳಾಂಗಣದ ಕೆಲಸ ಹಿಡಿದಿದ್ದೆ. ಹಾಲ್‌ನ ನಡುಮಧ್ಯೆ ನೆಲ ತಗ್ಗಿಸಿ, ಆ ತಗ್ಗಿನೊಳಗೆ ಸುತ್ತಲೂ ಸೋಫಾ ಕೂರಿಸಬೇಕೆಂದು ಮನೆಯವರ ಆಸೆ. ಉಳ್ಳವರ ಮನೆಗಳಲ್ಲಿ ಈಗ ಅದೊಂದು ಹೊಸ ಷೋಕಿ. ನಮ್ಮವರು ಕಾಂಕ್ರೀಟು ಒಡೆದು ಕೆಳಗಿನ ಮಣ್ಣು ಬಗೆಯುತ್ತಿದ್ದಂತೆ ಒಂದು ವಾಸನೆ ಎದ್ದು ಬಂತು. ಮಳೆ ಬಿದ್ದ ಹೊಲದ ವಾಸನೆಯಲ್ಲ ಅದು. ಸೂರಿನ ಕೆಳಗೆ, ಬಿಸಿಲು ಕಾಣದೆ, ತಣ್ಣಗೆ ಮಲಗಿದ ಮಣ್ಣಿನದು. ಅದಕ್ಕೆ ಒಂದಿಷ್ಟು ಗಂಜಿ, ಒಂದಿಷ್ಟು ಸೀಮೆಎಣ್ಣೆಯ ವಾಸನೆ ಬೆರೆತಿದ್ದರೆ ಥೇಟ್ ನಮ್ಮ ಮೊಳಕಾಲ್ಮೂರಿನ ಮನೆಯೇ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೇಸ್ತ್ರಿಗೆ ಬಿಸಿಲು ಹತ್ತಿರಬೇಕು ಅಂತ ಯಾರೋ ಮಜ್ಜಿಗೆ ತಂದುಕೊಟ್ಟರು.

ನಮ್ಮದು ಉದ್ದನೆಯ, ಕತ್ತಲೆಯ ಮನೆ. ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ತುಂಬಾ ಗುಂಡಿಮಗ್ಗ. ನೇಕಾರರ ಮನೆ ನೋಡದವರಿಗೆ ಹೇಳಬೇಕೆಂದರೆ, ನೆಲದಲ್ಲೇ ಒಂದು ಚೌಕದ ಗುಂಡಿ. ನೇಯುವವರು ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತಾರೆ. ಅಲ್ಲಿ ಕೂತು ನೇಯುತ್ತಿದ್ದವಳು ಅವ್ವ. ತಲೆಯ ಮೇಲೆ ತೊಲೆಗೆ ತಾಗುವಂತೆ, ಅಂಚಿನ ಹೂವು ಎತ್ತುವ ಜಕಾರ್ಡು ಪೆಟ್ಟಿಗೆ. ಎಂಥಾ ಬೇಸಿಗೆಯಲ್ಲೂ ಆ ಗುಂಡಿ ತಂಪಾಗಿರುತ್ತಿತ್ತು. ಆ ತಂಪಿಗೆ ರೇಷ್ಮೆ ಎಳೆ ಮೆತ್ತಗಾಗಿ, ಅವ್ವ ಹೇಳಿದ ಮಾತು ಕೇಳುತ್ತಿತ್ತು. ಮಧ್ಯಾಹ್ನ ನಾನೂ ಅಕ್ಕನೂ ಅವಳ ಪಕ್ಕ ಕಾಲು ಇಳಿಬಿಟ್ಟು ಕೂತು ಹುರಿಗಡಲೆ ತಿನ್ನುತ್ತಿದ್ದೆವು. ಪಕ್ಕದ ಮನೆಯವರ ತೆಲುಗು ಹರಟೆ, ಅವ್ವನ ಲಾಳಿಯ ಸದ್ದು, ಎರಡೂ ಸೇರಿ ನನಗೆ ನಿದ್ದೆ ಬರುತ್ತಿತ್ತು. ಆ ವರ್ಷ ಮಗ್ಗದ ಮೇಲಿದ್ದದ್ದು ಅಕ್ಕನ ಧಾರೆ ಸೀರೆ. ಗಿಳಿಹಸಿರು ಒಡಲು, ಅರಗಿನ ಬಣ್ಣದ ಅಂಚು. ಮಾರುವುದಕ್ಕೆ ನೇಯ್ದ ಸೀರೆಗಳ ನಡುವೆ, ಮಗಳಿಗೆ ಅಂತ ಅವ್ವ ಮಗ್ಗಕ್ಕೆ ಉದ್ದದ ಎಳೆಗಳ ಹಾಸು ಹೂಡಿದ್ದು ಅದೊಂದೇ.

ಚಳ್ಳಕೆರೆಯಿಂದ ಅಕ್ಕನನ್ನು ನೋಡಲು ಬಂದರು. ಎಣ್ಣೆ ಮಿಲ್ಲಿನ ವ್ಯಾಪಾರಸ್ಥರು. ಹುಡುಗನ ಸೋದರಮಾವ ಬಲು ದಪ್ಪನೆಯ, ನಗುಮೊಗದ ಮನುಷ್ಯ. ಬಿಸಿಲಿನಿಂದ ಒಳಗೆ ಬಂದವರಿಗೆ ಕಣ್ಣು ಕತ್ತಲು ಕಟ್ಟಿ, ಒಂದು ಕಾಲು ಸೀದಾ ಗುಂಡಿಯೊಳಗೆ ಇಳಿಯಿತು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಅಪ್ಪ, ಹುಡುಗ ಇಬ್ಬರೂ ರಟ್ಟೆ ಹಿಡಿದು ಎತ್ತಿದರು.

"ಏನ್ರಿ ಬೀಗರೆ, ಹೆಣ್ಣು ನೋಡಾಕೆ ಬಂದ್ರೆ ಗುಂಡಿಗೆ ತಳ್ತೀರಲ್ಲ? ಇನ್ನು ಮದುವಿ ಆದ್ಮೇಲೆ ಏನ್ ಕಾದೈತೋ" ಅಂದರು ಅವರು, ಪಂಚೆ ಕೊಡವುತ್ತಾ. ಎಲ್ಲರೂ ನಕ್ಕರು. ಒಳಗಿದ್ದ ಅಕ್ಕನೂ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಆಮೇಲೆ ಅವರು ಮಗ್ಗದ ಮುಂದೆ ಕೂತು, ಸೀರೆ ಯಾರಿಗೆ ಅಂತ ಕೇಳಿ, ಸಂಬಂಧ ಒಪ್ಪಿಗೆ ಅಂತ ಹೇಳಿಯೇ ಹೋದರು. ಆದರೆ ಅಪ್ಪನಿಗೆ ಉಳಿದದ್ದು ಆ ನಗು ಮಾತ್ರ. ಅಪ್ಪ ಮರುವಾರ ಚಳ್ಳಕೆರೆಗೆ ಹೋಗಿ ಅವರ ಮನೆ ನೋಡಿ ಬಂದ. ಮುಖ ಕಾಣುವಂಥ ಟೈಲ್ಸ್, ಗಾಜಿನ ಷೋಕೇಸು, ಮೇಲೆ ಬಿಳಿ ಹೂವಿನ ಸೀಲಿಂಗು, ಅದರೊಳಗೆ ಅಡಗಿಸಿಟ್ಟ ದೀಪ. ಊಟಕ್ಕೆ ಕೂತಾಗಲೂ ಅದೇ ಮಾತು. ಎಲೆಅಡಿಕೆ ಶಾಸ್ತ್ರಕ್ಕೆ ಅವರು ಬರುವಷ್ಟರಲ್ಲಿ ನಮ್ಮ ಪಡಸಾಲೆಯೂ ಹಾಗೇ ಆಗಬೇಕು ಅಂದ.

"ಹಾಸಿನ ಮ್ಯಾಲೆ ಸೀರೆ ಐತೆ. ಅದೊಂದು ಇಳೀಲಿ, ಆಮ್ಯಾಲೆ ಏನಾರ ಮಾಡ್ರಿ" ಅಂದಳು ಅವ್ವ. ಅರ್ಧಕ್ಕೆ ನಿಂತ ಸೀರೆಯಿರುವಾಗ ಮಗ್ಗ ಅಲುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಅಪ್ಪನಿಗೆ ಅದು ಗೊತ್ತಿರಲಿಲ್ಲವೇ?

"ಸ್ಟ್ಯಾಂಡಿನ ಮಗ್ಗ ತರ್ತೀನಿ ಕಣೆ. ಬೆಂಚಿನ ಮ್ಯಾಲೆ ರಾಣಿ ಕೂತಂಗೆ ಕೂತು ನೇಯುವಂತೆ."

ಅರ್ಧ ಸೀರೆಯನ್ನು ಹಾಸಿನ ಸಮೇತ ಸುತ್ತಿ ಇಳಿಸಿ, ಗುಂಡಿಗೆ ಮಣ್ಣು ತುಂಬಿ ದಮ್ಮಸು ಮಾಡಿದರು. ಟೈಲ್ಸ್ ಬಿತ್ತು. ಷೋಕೇಸು ಬಂತು, ಅದರೊಳಗೆ ಟಿ.ವಿ. ಬಂತು. ಪಿ.ಒ.ಪಿ. ಕೆಲಸದವರು ತೊಲೆ ಕಾಣದಂತೆ ಸೀಲಿಂಗು ಕಟ್ಟಿ, ನಡುವೆ ತಾವರೆ ಬಿಡಿಸಿದರು. ನಿಜ ಹೇಳುತ್ತೇನೆ, ನನಗೆ ಅದು ಸ್ವರ್ಗದಂತೆ ಕಂಡಿತ್ತು. ಎಲ್ಲ ಮುಗಿದ ಮೇಲೆ ಹೊಸ ಮಗ್ಗ ತಂದು ನಿಲ್ಲಿಸಿ, ಮೇಲೆ ಜಕಾರ್ಡು ಏರಿಸಲು ಹೋದರೆ ಅದು ಸೀಲಿಂಗಿಗೆ ಬಡಿಯಿತು. ಹುಟ್ಟಿನಿಂದ ಮಗ್ಗದ ಕೆಳಗೇ ಮಲಗಿ ಬೆಳೆದ ಮನುಷ್ಯ, ಮನೆ ಚೆಂದ ಮಾಡುವ ಭರದಲ್ಲಿ ಮಗ್ಗದ ಎತ್ತರ ನೋಡುವುದನ್ನೇ ಮರೆತಿದ್ದ. "ತಾವರೆ ಒಡೀಬೇಕಾಗ್ತೈತಣ್ಣ" ಅಂದ ಸೀಲಿಂಗಿನ ಮೇಸ್ತ್ರಿ. ಅಪ್ಪ ತಾವರೆ ಒಡೆಸಲಿಲ್ಲ. ಮಗ್ಗವನ್ನು ಹಿಂದಿನ ತಗಡಿನ ಕೊಟ್ಟಿಗೆಗೆ ಸಾಗಿಸಿ, ಅರ್ಧ ಸೀರೆಯನ್ನು ಅಲ್ಲೇ ಏರಿಸಿಕೊಟ್ಟ.

ತಗಡಿನ ಕೆಳಗೆ, ಮೊಳಕಾಲ್ಮೂರಿನ ಆ ಬೇಸಿಗೆಯಲ್ಲಿ, ರೇಷ್ಮೆ ಒಣಗಿದ ಹುಲ್ಲಿನಂತಾಯಿತು. ಅವ್ವ ಒದ್ದೆ ಗೋಣಿಚೀಲ ಇಳಿಬಿಟ್ಟಳು, ನೆಲಕ್ಕೆ ನೀರು ಚಿಮುಕಿಸಿದಳು. ಅಕ್ಕನೂ ನಾನೂ ಬಾವಿಯಿಂದ ನೀರು ಸೇದಿ ಸೇದಿ ಕೊಟ್ಟೆವು. ಒಂದು ಎಳೆ ಗಂಟು ಹಾಕಿ ಕೈ ತೆಗೆಯುವಷ್ಟರಲ್ಲಿ ಪಕ್ಕದ್ದು ಪಟ್ಟನೆ ಹರಿಯುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದ. ಒಂದು ಬೆಳಿಗ್ಗೆ ಅವ್ವ ನೇಯ್ದಷ್ಟನ್ನು ಕತ್ತರಿಸಿ, ಅಂಚು ಮಡಚಿ ಹೊಲಿದು, ತಂದು ಟಿ.ವಿ. ಮೇಲೆ ಹೊದಿಸಿದಳು.

ಶಾಸ್ತ್ರದ ದಿನ ಸೋದರಮಾವ ಬಾಗಿಲಲ್ಲೇ ನಿಂತು ನೆಲ ನೋಡಿದರು. "ಎಲ್ರಿ ಬೀಗರೆ ನನ್ನ ಗುಂಡಿ? ಸೊಸೆ ಸೀರೆ ತೋರಿಸ್ತೀನಿ ಅಂತ ನಮ್ಮಕ್ಕನ್ನ ಕರ್ಕಂಡು ಬಂದೀನಿ." ಅಪ್ಪ ಎಲ್ಲರನ್ನೂ ಹೊಸ ಸೋಫಾದ ಕಡೆ ಕರೆದ. ಹುಡುಗನ ತಾಯಿ ಸೋಫಾದಲ್ಲಿ ಕೂರದೆ ಷೋಕೇಸಿನ ಹತ್ತಿರ ಹೋಗಿ, ಆ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದರು. "ಏನ್ ಚೆಂದ ಐತ್ರಿ. ನೀವೇ ನೇಯ್ದಿದ್ದಾ?"

ಅವ್ವ ಅಪ್ಪನ ಕಡೆ ನೋಡಿದಳು. "ಇಲ್ಲವ್ವಾ. ಅಂಗಡ್ಯಾಗೆ ತಂದಿದ್ದು."

ಅಪ್ಪ ಎಲೆಅಡಿಕೆ ತಟ್ಟೆ ಕೆಳಗಿಟ್ಟು ಎದ್ದು ಬೀದಿಗೆ ಹೋದ. ಶಾಸ್ತ್ರಕ್ಕೆ ಅವನನ್ನು ಕರೆತರಲು ನನ್ನನ್ನೇ ಕಳಿಸಬೇಕಾಯಿತು.

ಮಗ್ಗ ನಿಂತ ಮೇಲೆ ನಾನು ಶಾಲೆ ಬಿಟ್ಟು ಅದೇ ಸೀಲಿಂಗಿನ ಮೇಸ್ತ್ರಿಯ ಜೊತೆ ಹೊರಟೆ. ಅಲ್ಲಿಂದ ಇಲ್ಲಿಯವರೆಗೆ ಯಾರ ಮುಂದೆಯೂ ಕೈ ಚಾಚಿಲ್ಲ. ನನ್ನ ಕೈಯಿಂದ ಎದ್ದ ಮನೆಗಳನ್ನು ನೋಡಿ ಜನ ಬಾಯಿ ತೆರೆಯುತ್ತಾರೆ. ನಮ್ಮ ಮನೆ ಮಾತ್ರ ಉಳಿಯಲಿಲ್ಲ. ಕೊಂಡವರು ಕೆಡವಿ ಅಂಗಡಿ ಸಾಲು ಕಟ್ಟಿಸಿದ್ದಾರೆ. ಅಪ್ಪ ಹೋದ, ಹಿಂದೆಯೇ ಅವ್ವನೂ ಹೋದಳು. ಮಗ್ಗ ನಿಂತ ಆ ವರ್ಷ, ಅಕ್ಕನ ಮದುವೆಗೆ ಚಳ್ಳಕೆರೆಯ ಅಂಗಡಿಯಲ್ಲಿ ಸೀರೆ ತಂದಿದ್ದೆವು. ಧಾರೆಗೆ ಕರೆಯುತ್ತಿದ್ದರು. ಅವ್ವ ಅಕ್ಕನ ನೆರಿಗೆ ಸರಿಮಾಡುತ್ತಾ ಮಂಡಿಯೂರಿ ಕೂತವಳು, ಸೆರಗನ್ನು ಮಗುಚಿ ಒಳಮೈ ನೋಡಿದಳು. ಗಂಟು, ಬಿಟ್ಟ ಎಳೆ ಕಾಣುವುದು ಅಲ್ಲೇ. ಬೆರಳಾಡಿಸಿದಳು. ಹೊರಗೆ ವಾಲಗ ಶುರುವಾಯಿತು, ಅಕ್ಕ "ಅವ್ವಾ, ಹೊತ್ತಾತು" ಅಂದಳು. ಅವ್ವ ಇನ್ನೊಂದು ಸಲ ಸವರಿ, ಸೆರಗನ್ನು ಅಕ್ಕನ ಹೆಗಲಿಗೆ ಎತ್ತಿಟ್ಟಳು.

"ಯಾವ ತಾಯಿ ನೇಯ್ದಾಳೋ ಏನೋ" ಅಂದಳು. "ಕೈ ಬಲು ಚೆನ್ನಾಗೈತೆ."