ನಿನ್ನೆಯ ಅವರೆಕಾಳು

ಅವರೆಕಾಳನ್ನು ನಾನು ಚೆನ್ನಾಗಿಯೇ ಬೇಯಿಸಿದ್ದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ನಮ್ಮ ಯಜಮಾನರು ಹೋದ ಮೇಲೂ ಅವರ ಅಕ್ಕ, ನನ್ನ ಅತ್ತಿಗೆ, ಮನೆಗೆ ಬಂದವರಿಗೆಲ್ಲ ಬೇರೆಯೇ ಹೇಳುತ್ತಿದ್ದಾರೆ.

ಮಂಡಿನೋವಿಗೆಂದು ಯಜಮಾನರು ತಿಲಕ್ ನಗರದ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ವರ್ಷಗಟ್ಟಲೆ ನುಂಗಿದ್ದರು. ಹೊಟ್ಟೆ ಉರಿದರೆ ಅದೇ ಅಂಗಡಿಯ ಗ್ಯಾಸ್ ಮಾತ್ರೆ. ಚಳಿಗಾಲ ಶುರುವಾಗುವಾಗ ನಾಲ್ಕು ತುತ್ತಿಗೇ ಸಾಕು ಎನ್ನತೊಡಗಿದರು. ಒಂದು ಬೆಳಿಗ್ಗೆ ವಾಂತಿಯಾಯಿತು. ಬಚ್ಚಲು ತೊಳೆಯಲು ಹೋದವಳು ನೋಡಿದೆ: ಹಿಂದಿನ ದಿನ ಮಧ್ಯಾಹ್ನದ ಸಾರಿನ ಅವರೆಕಾಳು. ರಾತ್ರಿ ಅವರು ಕುಡಿದದ್ದು ಬರೀ ಮಜ್ಜಿಗೆ.

ಜಯನಗರದ ಡಾಕ್ಟರು ಎಂಡೋಸ್ಕೋಪಿ ಮಾಡಿಸಿ ಎಂದರು. ಮೇಲಿನ ಮನೆಯಿಂದ ಅತ್ತಿಗೆ ಇಳಿದು ಬಂದರು.

“ಶೂನ್ಯ ಮಾಸದಲ್ಲಿ ಹೊಟ್ಟೆಯೊಳಕ್ಕೆ ಪೈಪ್ ಬಿಡಿಸ್ತೀಯೇನೆ? ಸಂಕ್ರಾಂತಿ ಕಳೀಲಿ.”

“ನಿನ್ನೆ ತಿಂದಿದ್ದು ಹಂಗಂಗೇ ಬಂದಿದೆ ಅತ್ತಿಗೆ.”

“ನೀನು ಅರೆಬರೆ ಬೇಯಿಸಿ ಹಾಕಿದ್ರೆ ಇನ್ನೇನು ಬರುತ್ತೆ, ಪಾಯಸಾನಾ?”

“ಅಕ್ಕಾ, ನನ್ ಹೊಟ್ಟೆಗೂ ಪಂಚಾಂಗ ನೋಡ್ತೀಯಾ?” ಎಂದು ಯಜಮಾನರು ಮಂಚದ ಮೇಲಿಂದ ನಕ್ಕರು. ಆದರೂ ಹೋಗಲಿಲ್ಲ. ಅಕ್ಕನ ಮಾತು ಮೀರಿ ಅವರಿಗೆ ಅಭ್ಯಾಸವಿರಲಿಲ್ಲ.

ಹಬ್ಬದ ಹಿಂದಿನ ದಿನ ಬಂದದ್ದು ಕಾಳಲ್ಲ. ಕಾಫಿ ಗಷ್ಟಿನಂಥ ಕಪ್ಪು, ಅದರ ಹಿಂದೆಯೇ ಕೆಂಪು ರಕ್ತ. ಆಸ್ಪತ್ರೆಯಲ್ಲಿ ಪೈಪ್ ಬಿಟ್ಟೇ ನೋಡಿದರು. ಜಠರದಿಂದ ಕರುಳಿಗೆ ಇಳಿಯುವ ಬಾಯಲ್ಲೇ, ಆ ಮಂಡಿನೋವಿನ ಮಾತ್ರೆ ಎಬ್ಬಿಸಿದ ಹುಣ್ಣು. ವಾಸಿಯಾಗಿ, ಮತ್ತೆ ಎದ್ದು, ಕಲೆಗಟ್ಟಿ ಆ ಬಾಯಿ ಬಿಗಿದುಹೋಗಿತ್ತು. ಉಂಡದ್ದು ಕೆಳಗಿಳಿಯದೆ ಅಲ್ಲೇ ಕೂತಿರುತ್ತಿತ್ತು. ಈಗ ಹುಣ್ಣಿನಡಿಯ ರಕ್ತನಾಳ ಒಡೆದಿತ್ತು.

“ನಿನ್ನೆ ತಿಂದಿದ್ದು ಇವತ್ತು ವಾಂತಿ ಆಗ್ತಿತ್ತೇನಮ್ಮ?” ಎಂದು ಡಾಕ್ಟರು ಕೇಳಿದರು. “ಬಾಯಿ ಕಟ್ಟಿದೆ ಅನ್ನೋದಕ್ಕೆ ಅದೇ ಗುರುತು. ಆಗಲೇ ಬರಬೇಕಿತ್ತು.”

ಅತ್ತಿಗೆ ನನ್ನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ರಕ್ತ ನಿಲ್ಲಲಿಲ್ಲ.

ಹನ್ನೊಂದನೆಯ ದಿನದ ಎಡೆಗೆ, ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕು. “ಅವರೆಕಾಳು ಸಾರು ಇರ್ಲಿ,” ಎಂದರು ಅತ್ತಿಗೆ, ನೆಂಟರ ಮುಂದೆ. “ಅಡುಗೆಯವರ ಕೈಲೇ ಮಾಡಿಸು. ಸರಿಯಾಗಿ ಬೇಯಿಸ್ತಾರೆ.”

ನಾನೇ ಮಾಡಿದೆ. ಎಡೆಗೆ ಬಡಿಸುವ ಮೊದಲು ಕಾಳೊಂದನ್ನು ಅತ್ತಿಗೆಯ ಅಂಗೈ ಮೇಲಿಟ್ಟೆ.

“ಹಿಸುಕಿ ನೋಡಿ ಅತ್ತಿಗೆ.”

ಹಿಸುಕಿದರು. ಬೆಣ್ಣೆಯಂತೆ ಬೆರಳಿಗೆ ಮೆತ್ತಿಕೊಂಡಿತು. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು, “ಉಪ್ಪು ಕಮ್ಮಿ,” ಎಂದರು. ಬಾಯಿಗೆ ಹಾಕಿಕೊಂಡೇ ಇರಲಿಲ್ಲ.

ಮೇಲಿನ ಮನೆಯಿಂದ ಅವರು ಈಗ ಕಳಿಸುವ ಊಟದ ಡಬ್ಬಿಗಳನ್ನು ನಾನು ತೆರೆಯದೆ ಮೆಟ್ಟಿಲ ಮೇಲೆಯೇ ಇಟ್ಟು ಬರುತ್ತೇನೆ.